ಎಸ್ನತ್ ಬರೆದ ಮುಖಗಳು

ಎಲ್ಲಿಂದ ಶುರು ಮಾಡಲಿ?

ಮೊದಲ ಕರಡನ್ನು ಚಂಡಮಾರುತದಿಂದ ಶುರು ಮಾಡಿದ್ದೆ. ಬೆಟ್ಟ ಜಾರಿದ್ದು, ಮಣ್ಣು ಇಳಿದು ಬಂದದ್ದು, ಡೋರಿಕಾಳ ಮನೆ ಹೋದದ್ದು, ಮನೆಯೊಳಗೆ ಮಲಗಿದ್ದ ಏಳು ವರ್ಷದ ಮಗಳು ಮ್ವಾಯಿ ಹೋದದ್ದು. ಎರಡು ಪುಟ ಚೆನ್ನಾಗಿಯೇ ಬಂತು. ಓದಿ ನೋಡಿದರೆ, ಮಳೆಯನ್ನು ವರ್ಣಿಸುವಾಗ ನನಗೆ ಖುಷಿಯಾಗಿರುವುದು ಎದ್ದು ಕಾಣುತ್ತಿತ್ತು. ನಾಚಿಕೆಯಾಯಿತು. ಹರಿದು ಹಾಕಿದೆ.

ಎರಡನೆಯ ಕರಡು ಮಾವಿನಹಣ್ಣಿನಿಂದ ಶುರುವಾಗುತ್ತದೆ. ಸಪ್ಪೆ. ಆದರೂ ಇರಲಿ.

೧

ಜೊಂಬಾ ಊರಿನ ಚರ್ಚ್ ಹಾಲ್‌ನಲ್ಲಿ ಮಂಗಳವಾರ ಮಧ್ಯಾಹ್ನ ಜಲವರ್ಣದ ಕ್ಲಾಸು. ಕಲಿಸುವವರು ರಿಟೈರ್ಡ್ ಮೇಷ್ಟ್ರು ನ್ಯಾಸುಲು. ಕಲಿಯುವವರು ನಾನೂ ಸೇರಿ ಆರು ಜನ. ನನ್ನ ಪಕ್ಕದ ಮೇಜು ಎಸ್ನತ್‌ಳದು. ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಕೆಲಸ ಬಿಟ್ಟ ಮೇಲೆ ಕೈ ಸುಮ್ಮನಿರುವುದಿಲ್ಲವೆಂದು ಬ್ರಷ್ ಹಿಡಿದಳು. ನಮಗೆಲ್ಲ ಆಕೆ ಅಮಾಯಿ, ಅಂದರೆ ಅಮ್ಮ.

ನಾಲ್ಕು ತಿಂಗಳಾದರೂ ಆಕೆಯ ಮಾವಿನಹಣ್ಣು ಆಲೂಗಡ್ಡೆಯಂತೆಯೇ ಇತ್ತು. ನೀರು ಯಾವಾಗಲೂ ಹೆಚ್ಚು.

"ಅಮಾಯಿ, ನಿಮ್ಮ ಮಾವಿನಹಣ್ಣು ಅಳ್ತಾ ಇದೆ ನೋಡಿ," ಎಂದರು ಮೇಷ್ಟ್ರು.

"ಹುಟ್ಟಿದ ತಕ್ಷಣ ಅಳಲೇಬೇಕು ಮೇಷ್ಟ್ರೇ. ಅಳದಿದ್ರೆ ನಮಗೆ ಭಯ," ಎಂದಳು ಎಸ್ನತ್.

(ಇಡೀ ಕಥೆಯಲ್ಲಿ ನಗುವುದಕ್ಕೆ ಇಷ್ಟೇ ಇರುವುದು. ಬೇಕಾದವರು ಇಲ್ಲಿಯೇ ನಕ್ಕುಬಿಡಿ.)

೨

ಡೋರಿಕಾ ಈಗ ಎಸ್ನತ್‌ಳ ಹಿತ್ತಲಿನ ಕೋಣೆಯಲ್ಲಿದ್ದಾಳೆ. ಮಾರ್ಕೆಟ್ಟಿನಲ್ಲಿ ಒಣಮೀನು ಮಾರುತ್ತಾಳೆ. ಒಂದು ಭಾನುವಾರ ಗೋಡೆಗೆ ಅಂಟಿಸಿದ್ದ ಆ ಅಳುವ ಮಾವಿನಹಣ್ಣನ್ನು ಬಹಳ ಹೊತ್ತು ನೋಡಿ ಕೇಳಿದಳು:

"ಅಮಾಯಿ, ಮುಖ ಬರೀತೀರಾ?"

"ಮುಖ ಇನ್ನೂ ಹೇಳಿಕೊಟ್ಟಿಲ್ಲ ಮಗಾ. ಹಣ್ಣೇ ಮುಗಿದಿಲ್ಲ."

"ನನ್ನ ಮಗಳದು. ಫೋಟೋ ಎಲ್ಲಾ ಮನೆ ಜೊತೇನೇ ಹೋಯ್ತು. ನಾನು ಹೇಳ್ತೀನಿ, ನೀವು ಬರೀರಿ."

ಆಗದು ಎನ್ನಬೇಕಿತ್ತು. ಎಸ್ನತ್ ಅನ್ನಲಿಲ್ಲ.

ಯಾಕೆ ಅನ್ನಲಿಲ್ಲ ಎನ್ನುವುದಕ್ಕೆ ನಾನೊಂದು ಕಾರಣ ಕಟ್ಟಿದ್ದೆ. ಮ್ವಾಯಿ ಹುಟ್ಟಿದ್ದು ಎಸ್ನತ್‌ಳ ಕೈಯಲ್ಲೇ, ಆ ಮುಖವನ್ನು ಲೋಕದಲ್ಲಿ ಮೊದಲು ಕಂಡವಳು ಅವಳೇ ಎಂದು. ಒಳ್ಳೆಯ ತಿರುವು. ಹೆಮ್ಮೆಯಿಂದ ಆಕೆಗೆ ಹೇಳಿದೆ.

"ಆ ಮಗು ಹುಟ್ಟಿದ್ದು ಬೆಟ್ಟದ ಆಚೆ. ನಾನು ಅದನ್ನ ನೋಡೇ ಇಲ್ಲ. ಸುಳ್ಳು ಬರೀಬೇಡ."

"ಕಥೆ ಚೆನ್ನಾಗಿರುತ್ತೆ ಅಮಾಯಿ."

"ಯಾರಿಗೆ?"

ಹೊಡೆದು ಹಾಕಿದೆ. ಎಸ್ನತ್ ಎಂದೂ ನೋಡಿರದ ಹುಡುಗಿಯ ಮುಖವನ್ನು ಬರೆಯಲು ಕೂತಳು. ಅಷ್ಟೇ ನಿಜ.

೩

(ನಾವು ಕಥೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಮಾತು. ನನ್ನ ಅನುಕೂಲವೇನೆಂದರೆ ನಾನು ಹೊಡೆದು ಹಾಕಬಹುದು. ಜಲವರ್ಣದಲ್ಲಿ ಹಾಗಾಗುವುದಿಲ್ಲ. ಒಮ್ಮೆ ಕಾಗದ ಕುಡಿದ ಬಣ್ಣ ಕುಡಿದದ್ದೇ.)

"ಮೂಗು ಹೇಗಿತ್ತು?"

"ನನ್ನ ಥರ."

ಎಸ್ನತ್ ಡೋರಿಕಾಳ ಮೂಗನ್ನು ನೋಡಿ ನೋಡಿ ಬರೆದಳು.

"ಅಲ್ಲ ಅಮಾಯಿ. ಅವರಪ್ಪನ ಥರ ಅನ್ಸುತ್ತೆ."

ಅಪ್ಪ ಇಲ್ಲ, ಅವನೂ ಅದೇ ಮಣ್ಣಿನಡಿ ಹೋದವನು. ಎರಡನೆಯ ಹಾಳೆಯಲ್ಲಿ ಕಣ್ಣು ದೊಡ್ಡದಾಯಿತು. ಮೂರನೆಯದರಲ್ಲಿ ನೀರು ಹೆಚ್ಚಾಗಿ ಗಲ್ಲ ಕುತ್ತಿಗೆಗೆ ಹರಿಯಿತು. ಡೋರಿಕಾ ಮುಖ ತಿರುಗಿಸಿಕೊಂಡಳು. ಮಣ್ಣಿನಿಂದ ಹೊರತೆಗೆದ ಮುಖವನ್ನು ನೋಡಿದವಳು ಅವಳು. ಎಸ್ನತ್‌ಗೆ ಅದು ತಟ್ಟಿ, ಆ ಹಾಳೆಯನ್ನು ಸರಕ್ಕನೆ ಮಗುಚಿಟ್ಟಳು.

ನಾಲ್ಕನೆಯದು ಒಂದು ಮುಖವೇ ಆಗಿತ್ತು. ಮುದ್ದಾದ ಹುಡುಗಿ. ಆದರೆ ಯಾರದೋ ಹುಡುಗಿ.

"ನನ್ನ ಕೈ ಇಷ್ಟೇ ಮಗಾ. ಕ್ಷಮಿಸು."

"ನಿಮ್ಮ ಕೈಯ ತಪ್ಪಲ್ಲ," ಎಂದಳು ಡೋರಿಕಾ. "ನನಗೇ ಬರ್ತಾ ಇಲ್ಲ. ಕಣ್ಣು ಮುಚ್ಚಿದ್ರೆ ಮೂಗು ಬರುತ್ತೆ, ಬಾಯಿ ಹೋಗುತ್ತೆ. ಬಾಯಿ ಹಿಡ್ಕೊಂಡ್ರೆ ಕಣ್ಣು ಹೋಗುತ್ತೆ. ಎರಡು ವರ್ಷಕ್ಕೇ ಹೀಗಾಗುತ್ತಾ ಅಮಾಯಿ? ನಾನೇ ಅಲ್ವಾ ಹೆತ್ತಿದ್ದು?"

ಎಸ್ನತ್ ಬ್ರಷ್ ತೊಳೆಯುತ್ತ ಕೂತಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಆಮೇಲೆ ಕೇಳಿದಳು:

"ಏನು ನೆನಪಿದೆಯೋ ಅದನ್ನೇ ಹೇಳು. ಮುಖ ಬೇಡ."

"ಕುತ್ತಿಗೆ," ಎಂದಳು ಡೋರಿಕಾ, ತಡವಿಲ್ಲದೆ. "ಪ್ರತಿ ಶನಿವಾರ ನನ್ನ ಮಂಡಿ ನಡುವೆ ಕೂರೋಳು, ಜಡೆ ಹಾಕೋಕೆ. ಎರಡು ಗಂಟೆ. ಬೆನ್ನು ನನ್ನ ಕಡೆ. ಎಡಗಿವಿ ತುದಿ ಒಳಕ್ಕೆ ಮಡಚಿತ್ತು. ಬಾಚಣಿಗೆ ಜಗ್ಗಿದ್ರೆ ಒಂದು ಭುಜ ಮೇಲೆತ್ತೋಳು, ಅಳ್ತಾ ಇರ್ಲಿಲ್ಲ."

೪

ಐದನೆಯ ಹಾಳೆ. ಕಂದು ಬಣ್ಣಕ್ಕೆ ಒಂದು ಚೂರು ನೀಲಿ ಬೆರೆಸಿದಳು. ಜಡೆಗಳ ನಡುವಿನ ಬೈತಲೆ ಗೆರೆಗಳಿಗೆ ಬಣ್ಣ ಮುಟ್ಟಿಸದೆ ಬರಿಯ ಕಾಗದವನ್ನೇ ಬಿಟ್ಟಳು. ಬಿಳಿ ಹಚ್ಚುವುದಲ್ಲ, ಉಳಿಸಿಕೊಳ್ಳುವುದು ಎಂದು ಮೇಷ್ಟ್ರು ತಿಂಗಳುಗಟ್ಟಲೆ ಹೇಳಿದ್ದು ಆವತ್ತು ಕೈಗೆ ಬಂತು. ಕುತ್ತಿಗೆಯ ಗುಳಿ ಬಂತು. ಎತ್ತಿದ ಭುಜ ಬಂತು. ಕೊನೆಗೆ ಕಿವಿ, ತುದಿ ಒಳಕ್ಕೆ ಮಡಚಿದ್ದು. ನೀರು ಮೊದಲ ಸಲ ಆಕೆಯ ಮಾತು ಕೇಳಿತು.

ಮುಕ್ತಾಯಕ್ಕೆ ನನ್ನ ಬಳಿ ಮೂರು ದಾರಿಗಳಿದ್ದವು.

ಅ) ಡೋರಿಕಾ ಅತ್ತು ಎಸ್ನತ್‌ಳನ್ನು ತಬ್ಬಿಕೊಂಡಳು. ಚಿತ್ರಕ್ಕೆ ಫ್ರೇಮ್ ಹಾಕಿಸಿದರು. (ಇದನ್ನು ನೀವೇ ಬರೆಯಬಲ್ಲಿರಿ.)

ಆ) ಡೋರಿಕಾ ಅದನ್ನು ಹರಿದಳು. (ವಿಮರ್ಶಕರಿಗೆ ಹಿಡಿಸಬಹುದು.)

ಇ) ಮುಂದಿನ ಮಂಗಳವಾರ ಡೋರಿಕಾಳೂ ಕ್ಲಾಸಿಗೆ ಬಂದಳು. (ನನಗೆ ಇದರ ಮೇಲೆ ಆಸೆಯಿತ್ತು. ಅವಳ ಹೆಸರಿಗೆ ಒಂದು ಕುರ್ಚಿಯನ್ನೂ ಬರೆದಿಟ್ಟಿದ್ದೆ.)

"ಆಗಿದ್ದನ್ನ ಬರಿ," ಎಂದಳು ಎಸ್ನತ್.

ಆಗಿದ್ದು ಹೀಗೆ. ಡೋರಿಕಾ ಸೊಂಟದ ಚಿತೆಂಜೆ ಬಟ್ಟೆಗೆ ಕೈ ಒರೆಸಿಕೊಂಡು ಹತ್ತಿರ ಬಂದಳು. ಕಾಗದ ಇನ್ನೂ ಹಸಿ. ಮುಟ್ಟಲಿಲ್ಲ. ಬೆರಳು ಕಿವಿಯ ಮೇಲೆ ಒಂದಿಂಚು ಎತ್ತರದಲ್ಲಿ ನಿಂತಿತು.

"ಇವಳೇ," ಎಂದಳು.

ಬಾಗಿಲು ತಟ್ಟಿದವರು ಕಾಯುವಂತೆ ಕಾದಳು. ಆಮೇಲೆ ಬಲು ಮೆಲ್ಲಗೆ:

"ಅಮಾಯಿ, ಸ್ವಲ್ಪ ತಿರುಗೋಕೆ ಹೇಳಿ ಇವಳಿಗೆ."

ಕಥೆ ಕಟ್ಟುವುದು ಗೊತ್ತಿರುವವರು ಇಲ್ಲಿಗೇ ನಿಲ್ಲಿಸು ಎನ್ನುತ್ತಾರೆ. ನಿಲ್ಲಿಸಲು ನೋಡಿದೆ, ಆಗಲಿಲ್ಲ. ಮರುವಾರ ಕ್ಲಾಸಿನಲ್ಲಿ ಎಸ್ನತ್ ಹೊಸ ಕಾಗದಕ್ಕೆ ಟೇಪ್ ಅಂಟಿಸುತ್ತಿದ್ದಾಗ ಕೇಳಿಯೇಬಿಟ್ಟೆ.

"ನೀವೇನಾದ್ರೂ ಹೇಳಿದ್ರಾ ಅಮಾಯಿ?"

"ಹೇಳ್ದೆ."

"ಡೋರಿಕಾಗೆ ಸಮಾಧಾನ?"

"ಅವಳಿಗಲ್ಲ. ಆ ಹುಡುಗೀಗೆ. ತಿರುಗು ಮಗಾ, ಅಂತ."

"ಆಮೇಲೆ?"

"ಆಮೇಲೆ ಏನು. ಇಬ್ರೂ ನೋಡ್ತಾ ಕೂತ್ವಿ." ಟೇಪಿನ ಅಂಚನ್ನು ಉಗುರಿನಿಂದ ಒತ್ತಿದಳು. ನನ್ನ ನೋಟ್‌ಬುಕ್ ಕಂಡಿತೇನೋ, ತನ್ನ ಪಕ್ಕದ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. "ನಿನಗೇನು ಅವಸರ? ನೀನೂ ಕೂತ್ಕೋ."