ಎಣ್ಣೆ ಕೈಗೆ ಕೊಡಬಾರದು

ಹೆಂಗಸಿನ ಕೂದಲು ಉದುರಲು ಶುರುವಾಯಿತೋ, ಎದುರಿಗೆ ಸಿಕ್ಕವರೆಲ್ಲ ಪಂಡಿತರಾಗುತ್ತಾರೆ. ಹಳೇಬೀಡಿನ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ನಂದಿತಾಗೆ ಹೆರಿಗೆಯಾಗಿ ಏಳು ತಿಂಗಳಾಗಿತ್ತು. ಸೊಂಟ ಮುಟ್ಟುವ ಕೂದಲು ಬಾಚಿದಾಗೊಮ್ಮೆ ಹಿಡಿಹಿಡಿ ಕಿತ್ತು ಬರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಒಬ್ಬರು ಈರುಳ್ಳಿ ರಸ ಎಂದರು, ಇನ್ನೊಬ್ಬರು ಮೊಟ್ಟೆ ಎಂದರು. ಡ್ರಾಯಿಂಗ್ ಮೇಷ್ಟ್ರು ದೀಪಕ್, ತಮ್ಮ ತಲೆ ಪೂರ್ತಿ ಬೋಳಾಗಿದ್ದರೂ ಎದೆಗುಂದದೆ, ಯಾವುದೋ ಎಣ್ಣೆಯ ಹೆಸರು ಬರೆದುಕೊಟ್ಟರು. ಪಾಪ, ನಂದಿತಾ ಅದನ್ನೂ ಮೊಬೈಲಿನಲ್ಲಿ ತರಿಸಿದಳು.

ವಿಜ್ಞಾನದ ಚಿತ್ರಾ ಮಾತ್ರ ಯಾವ ಔಷಧಿಯನ್ನೂ ಹೇಳಿರಲಿಲ್ಲ. ಬಾಣಂತಿಯ ಕೂದಲು ಉದುರುವುದು ವಾಡಿಕೆ, ಕೆಲವು ತಿಂಗಳಲ್ಲಿ ತಾನೇ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಅಳುವವರ ಮುಂದೆ ವಿಜ್ಞಾನ ಎಷ್ಟು ಹೊತ್ತು ನಿಂತೀತು? ಒಂದು ಶುಕ್ರವಾರ ನಂದಿತಾ ಕನ್ನಡಿ ಮುಂದೆ ನಿಂತು ಬಿಕ್ಕುವುದನ್ನು ಕಂಡು, "ಅಳಬೇಡ ಕಣೇ. ನಮ್ಮವ್ವ ಹರಳೆಣ್ಣೆ ತೆಗೀತಾಳೆ. ಸಂಜೆ ಮನೆಗೆ ಬಾ, ಒಂದು ಬಾಟ್ಲಿ ಕೊಡಿಸ್ತೀನಿ" ಎಂದುಬಿಟ್ಟಳು.

ಅಂದ ಮೇಲೆ ಅವಳಿಗೇ ಎದೆ ಧಸಕ್ಕೆಂದಿತು. ಇಬ್ಬರದೂ ಮಾದಿಹಳ್ಳಿಯೇ. ಎರಡು ವರ್ಷದಿಂದ ಒಂದೇ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದರು, ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಆದರೆ ಸ್ಕೂಟರು ದಿನಾ ಸಂಜೆ ನಿಲ್ಲುತ್ತಿದ್ದದ್ದು ಬಸ್ ಸ್ಟ್ಯಾಂಡಿನಲ್ಲಿ. ಅಲ್ಲಿಂದ ನಂದಿತಾ ಮೇಲಿನ ಬೀದಿಗೆ, ಅತ್ತೆ ಗಿರಿಯಮ್ಮನ ದೊಡ್ಡ ಮನೆಗೆ. ಚಿತ್ರಾ ಕೆಳಗಿನ ಬೀದಿಗೆ. ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ದಾಟಿರಲಿಲ್ಲ. ಚಿತ್ರಾಳ ಅಪ್ಪ ಗಂಗಯ್ಯ ಆ ದೊಡ್ಡ ಮನೆಯ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ದುಡಿದು, ಕೊನೆಗೆ ಬೌದ್ಧನಾಗಿ ಬೆನ್ನು ನೆಟ್ಟಗೆ ಮಾಡಿಕೊಂಡು ತೀರಿಕೊಂಡವನು. ಚಿಕ್ಕಂದಿನಲ್ಲಿ ಚಿತ್ರಾ ಅವನ ಜೊತೆ ಆ ಅಂಗಳಕ್ಕೆ ಹೋದಾಗಲೆಲ್ಲ ಗಿರಿಯಮ್ಮ ಕಾಫಿ ಲೋಟವನ್ನು ಜಗಲಿಯ ಅಂಚಿನಲ್ಲಿ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಎಂಎಸ್ಸಿ ಮುಗಿಸಿದರೂ ಆ ಲೋಟ ಚಿತ್ರಾಳ ಕಣ್ಣ ಮುಂದಿನಿಂದ ಸರಿದಿರಲಿಲ್ಲ.

ಇನ್ನು ಚಿತ್ರಾಳ ಅವ್ವ ಮುನಿಯಮ್ಮನ ಹರಳೆಣ್ಣೆ. ಅದರ ಹೆಸರು ಬೇಲೂರಿನವರೆಗೂ ಹಬ್ಬಿತ್ತು. ಹರಳನ್ನು ಕಪ್ಪಾಗದ ಹಾಗೆ ಹುರಿಯಬೇಕು, ಒರಳಿಗೆ ಹಾಕಿ ನುಣ್ಣಗೆ ಕುಟ್ಟಬೇಕು, ನೀರಿಗೆ ಹಾಕಿ ಸೌದೆ ಒಲೆಯಲ್ಲಿ ಅರ್ಧ ದಿನ ಕುದಿಸಬೇಕು. ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ಬಾಚಿ ತೆಗೆದು, ನೀರಿನ ಚಟಪಟ ನಿಲ್ಲುವವರೆಗೆ ಮತ್ತೆ ಕಾಯಿಸಬೇಕು. ಒಂದು ದಿನದ ದುಡಿಮೆಗೆ ಸಿಗುವುದು ನಾಲ್ಕೈದು ಬಾಟ್ಲಿ. ಎಳೆ ಮಗುವಿನ ನೆತ್ತಿಗೆ, ಒಡೆದ ಹಿಮ್ಮಡಿಗೆ, ಉರಿಯುವ ಅಂಗಾಲಿಗೆ ಅದೇ ಆಗಬೇಕು ಎನ್ನುವವರಿದ್ದರು. ಮೇಲಿನ ಬೀದಿಯವರಿಗೂ ಅದು ಬೇಕಾಗುತ್ತಿತ್ತು, ಆದರೆ ಅವರು ಅಂಗಡಿಯ ಮೂಲಕ ತರಿಸಿ, ಯಾರದೆಂದು ಕೇಳದೆ ಹಚ್ಚಿಕೊಳ್ಳುತ್ತಿದ್ದರು.

ಅವತ್ತು ಸಂಜೆ ಮುನಿಯಮ್ಮ ನಂದಿತಾಳನ್ನು ಬುದ್ಧನ ಪಟದ ಕೆಳಗಿನ ಕುರ್ಚಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಮಗುವಿನ ಸಮಾಚಾರ ವಿಚಾರಿಸಿದಳು. ನಂದಿತಾ ಕಾಫಿಯನ್ನು ಚಪ್ಪರಿಸಿ ಕುಡಿದದ್ದನ್ನು ನೋಡಿ ಚಿತ್ರಾಳ ಜೀವ ಹಗುರವಾಗಿತ್ತು. ಅಷ್ಟರಲ್ಲಿ ಮುನಿಯಮ್ಮ ಒಳಗಿನಿಂದ ಬಾಟ್ಲಿ ತಂದಳು. ನಂದಿತಾ ಕೈ ಚಾಚಿದಳು. ಮುನಿಯಮ್ಮ ಆ ಕೈಗೆ ಕೊಡಲಿಲ್ಲ. ಬಗ್ಗಿ ನೆಲದ ಮೇಲಿಟ್ಟು, "ತಗಳವ್ವ" ಎಂದು ಒಂದು ಹೆಜ್ಜೆ ಹಿಂದೆ ಸರಿದಳು.

ಚಿತ್ರಾಳ ಮೈಯೆಲ್ಲ ಉರಿದುಹೋಯಿತು. ತಮ್ಮದೇ ಮನೆಯಲ್ಲಿ, ತಮ್ಮದೇ ಬುದ್ಧನ ಎದುರಿಗೆ, ಅವ್ವ ಇನ್ನೂ ಆ ಮನೆಯವರ ಕೈ ಸೋಕಲು ಹೆದರುತ್ತಾಳೆ ಎಂದುಕೊಂಡಳು. ಬಾಟ್ಲಿಯನ್ನು ಕಿತ್ತೆತ್ತಿ ನಂದಿತಾಳ ಅಂಗೈಯಲ್ಲಿ ಒತ್ತಿ, "ನಡಿಯೇ, ಮಗು ಕಾಯ್ತಿರುತ್ತೆ" ಎಂದು ಅವಳನ್ನು ಹೊರಡಿಸಿಕೊಂಡು ಹೊರಟೇಬಿಟ್ಟಳು. "ತಡಿಯೇ, ಒಂದ್ ಮಾತ್ ಹೇಳ್ಬೇಕು" ಎಂದು ಅವ್ವ ಕೂಗಿದ್ದು ಸ್ಕೂಟರಿನ ಸದ್ದಿನಲ್ಲಿ ಮುಳುಗಿತು.

ತಿರುಗಿ ಬಂದು ಅವ್ವನ ಮೇಲೆ ಹಾರಾಡಿದಳು. "ಇನ್ನೂ ಎಷ್ಟು ವರ್ಷ ಅವರಿಗೆ ಹೆದರ್ತೀಯವ್ವ? ಕೈಗೆ ಕೊಟ್ಟಿದ್ರೆ ಏನಾಗ್ತಿತ್ತು?"

"ಓದ್ದೋಳು ನೀನು, ನಿಂಗೇನೇಳಾದು" ಎಂದು ಮುನಿಯಮ್ಮ ಮುಖ ತಿರುಗಿಸಿಕೊಂಡು ಒಲೆ ಮುಂದೆ ಕೂತಳು. ಮಾರನೇ ದಿನವೆಲ್ಲ ತಾಯಿ ಮಗಳ ನಡುವೆ ಅನ್ನ ಸಾರಿನ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ಭಾನುವಾರ ಬೆಳಿಗ್ಗೆ ನಂದಿತಾಳ ಫೋನು ಬಂತು. ಮಾತಿಗಿಂತ ಅಳುವೇ ಹೆಚ್ಚು. ಶನಿವಾರ ರಾತ್ರಿ ಬಾಟ್ಲಿಯ ಎಣ್ಣೆಯನ್ನೆಲ್ಲ ಬುಡದಿಂದ ತುದಿವರೆಗೆ ಗಸಗಸ ತಿಕ್ಕಿದ್ದಳಂತೆ. ಬೆಳಿಗ್ಗೆ ಎದ್ದು ಬಿಸಿನೀರು ಸುರಿದು, ಎರಡು ಸಲ ಶಾಂಪೂ ಹಾಕಿ ಉಜ್ಜಿದ್ದಾಳೆ. ಕೂದಲೆಲ್ಲ ಗಂಟುಗಟ್ಟಿ ಒಂದೇ ಮುದ್ದೆಯಾಗಿ ಕೂತಿದೆ. ಬಾಚಣಿಗೆಯ ಹಲ್ಲು ಮುರಿಯಿತೇ ಹೊರತು ಎಳೆ ಬಿಡಲಿಲ್ಲ. "ಅತ್ತೆ ದೇವರ ಜಡೆ ಬಂದಿದೆ ಅಂತಿದಾರೆ. ನಾಳೆ ಬೆಳಿಗ್ಗೆ ಮಾಲೇಕಲ್ಲು ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ಮುಡಿ ತೆಗೆಸ್ತಾರಂತೆ. ಏನೇ ಬೆರೆಸಿದ್ರು ನಿಮ್ಮವ್ವ ಅದಕ್ಕೆ?"

ಕೊನೆಯ ಮಾತು ಚಿತ್ರಾಗೆ ಚುಚ್ಚಿತು. "ನಮ್ಮವ್ವ ಏನೂ ಬೆರೆಸಿಲ್ಲ. ಹಚ್ಚೋಕೆ ಬರದಿದ್ದೋರು ಯಾಕೆ ತಗೊಂಡು ಹೋಗ್ಬೇಕಿತ್ತು?"

"ಕರ್ಕೊಂಡು ಹೋದೋಳು ನೀನು!" ಎಂದು ನಂದಿತಾ ಫೋನು ಕುಕ್ಕಿದಳು.

ಮುನಿಯಮ್ಮ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಆಯ್ತಲ್ಲ ಜಗಳ?" ಎಂದಳು. "ಎಣ್ಣೆ ಕೈಗೆ ಕೊಟ್ರೆ ಜಗಳ ಆಯ್ತದೆ ಅಂತ ಎಲ್ರೂ ಅದ್ನ ಕೆಳಗೇ ಇಕ್ಕೋದು ಕಣೇ. ಉಪ್ಪು, ಎಣ್ಣೆ ಯಾರ್ಗೂ ಕೈಗೆ ಕೊಡಲ್ಲ. ನಿಮ್ಮಪ್ಪಂಗೂ ಕೊಡ್ತಿರಲಿಲ್ಲ. ಗಿರಿಯಮ್ಮ ಲೋಟ ಕೆಳಗಿಟ್ಟಿದ್ದು ಬ್ಯಾರೆ, ನಾನು ಬಾಟ್ಲಿ ಕೆಳಗಿಟ್ಟಿದ್ದು ಬ್ಯಾರೆ. ಅಷ್ಟೂ ತಿಳೀಲಿಲ್ವಾ ನಿಂಗೆ?"

ಚಿತ್ರಾ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟಳು.

"ಕೆಳಗಿಟ್ಟು, ಅವ್ರು ಎತ್ಕಳೋ ಹೊತ್ಗೆ ಹಚ್ಚೋದೆಂಗೆ ಅಂತ ಹೇಳೋದು ನನ್ ಪದ್ಧತಿ. ಒಂದ್ ಪಾಲು ಹರಳೆಣ್ಣೆಗೆ ಮೂರ್ ಪಾಲು ಕೊಬ್ರಿ ಎಣ್ಣೆ. ನೆತ್ತಿಗೆ ತಟ್ಬೇಕು, ಕೂದ್ಲಿಗೆ ತಿಕ್ಬಾರ್ದು. ಬಾಯಿ ತೆಗೆಯೋದ್ರೊಳಗೆ ಎಳ್ಕೊಂಡು ಹೋದೆ."

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎನ್ನುತ್ತಾರಲ್ಲ, ಚಿತ್ರಾ ಕಿವಿಯನ್ನೇ ಮುಚ್ಚಿಕೊಂಡಿದ್ದಳು. ಹರಳೆಣ್ಣೆ ಎಷ್ಟು ಮಂದ, ಎಷ್ಟು ಅಂಟು ಎಂದು ಎಂಟನೇ ತರಗತಿಯ ಮಕ್ಕಳಿಗೆ ಪಾಠ ಹೇಳುವವಳು ಅವಳೇ. ತಪ್ಪು ಅವ್ವನದಲ್ಲ, ನಂದಿತಾಳದೂ ಅಲ್ಲ, ತನ್ನದೇ. ಮಾರನೇ ಬೆಳಿಗ್ಗೆ ಗೆಳತಿಯ ತಲೆ ಬೋಳಾಗುತ್ತದೆ. ಆ ಮೇಲೆ ಮುನಿಯಮ್ಮ ಕೊಟ್ಟ ಎಣ್ಣೆಯಿಂದ ಹೀಗಾಯಿತು ಎಂಬ ಮಾತು ಮೇಲಿನ ಬೀದಿಯಿಂದ ಬೇಲೂರು ಮುಟ್ಟಲು ಒಂದು ದಿನ ಸಾಕು. ನಲವತ್ತು ವರ್ಷ ಹೊಗೆ ಕುಡಿದು ಗಳಿಸಿದ ಹೆಸರು ಅವ್ವನದು. ನಾಚಿಕೆಯಿಂದ ಚಿತ್ರಾಳ ಕಣ್ಣು ತುಂಬಿತು.

"ಅಳೋದು ಆಮೇಲೆ. ಗಾಡಿ ತೆಗಿ" ಎಂದಳು ಮುನಿಯಮ್ಮ.

ಗಿರಿಯಮ್ಮ ಜಗಲಿಯ ಮೇಲೆ ಕೋಲು ಹಿಡಿದು ಕೂತಿದ್ದಳು. ತಾಯಿ ಮಗಳನ್ನು ಕಂಡವಳೇ ದನಿ ಏರಿಸಿದಳು. "ಏನೇ ಮುನಿ, ನೋಡೋಕ್ ಬಂದ್ಯಾ? ನಿನ್ ಎಣ್ಣೆ ನಮ್ ಸೊಸೆ ತಲೆ ತಿಂದೈತೆ!"

ತನ್ನವ್ವನ ವಯಸ್ಸಿಗೂ ಬೆಲೆ ಕೊಡದೆ 'ಮುನಿ' ಎಂದದ್ದಕ್ಕೆ ಚಿತ್ರಾ ಮುಂದೆ ನುಗ್ಗಿದಳು. ಮುನಿಯಮ್ಮ ಅವಳ ರಟ್ಟೆ ಹಿಡಿದು ನಿಲ್ಲಿಸಿ, ಮೆಲ್ಲಗೆ ಹೇಳಿದಳು: "ಕತ್ರಿಸಿದ್ ಮ್ಯಾಲೆ ಅಂಟ್ಸಕಾಗಲ್ಲ ಗೌಡ್ತವ್ವ. ಸಂಜೆಗಂಟ ನಂಗೆ ಬಿಡಿ. ಆಗ್ಲಿಲ್ಲ ಅಂದ್ರೆ ಮಾಲೇಕಲ್ಲು ಎಲ್ಲೂ ಓಡೋಗಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ನಂದಿತಾ ಕಾಣಿಸಿಕೊಂಡಳು. ತಲೆಗೆ ಟವೆಲು, ಅತ್ತು ಊದಿದ ಮುಖ. "ನಾನು ಬೀದಿಯೋರ ಎದುರಿಗೆ ಜಗಲಿ ಮೇಲೆ ಕೂರಲ್ಲ. ನೀವೇ ಒಳಗೆ ಬನ್ನಿ" ಎಂದಳು. ಅತ್ತೆ ಸೊಸೆಯದು ಮೊದಲೇ ಎಣ್ಣೆ ಸೀಗೆಕಾಯಿ ಸಂಬಂಧ. ಬೇರೆ ದಿನವಾಗಿದ್ದರೆ ಈ ಮಾತಿಗೆ ಮನೆ ಎರಡಾಗುತ್ತಿತ್ತು. ಅವತ್ತು ಗಿರಿಯಮ್ಮ ಹೊಸ್ತಿಲಿಗೆ ಅಡ್ಡವಾಗಿದ್ದ ಕೋಲನ್ನು ಈಚೆಗೆ ಎಳೆದುಕೊಂಡಳು, ಅಷ್ಟೇ. ಮುನಿಯಮ್ಮ ಒಳಗೆ ಹೋದಳು.

ಹಜಾರದ ಕಿಟಕಿಯ ಬೆಳಕಿಗೆ ನಂದಿತಾಳನ್ನು ಕೂರಿಸಿ ಟವೆಲು ತೆಗೆದರು. ಆ ಕೂದಲು ಕಾಗೆ ಬಿಟ್ಟುಹೋದ ಗೂಡಿನಂತಿತ್ತು. ಮುನಿಯಮ್ಮ ಗಂಟನ್ನು ಒತ್ತಿ ನೋಡಿ, "ಕೊಬ್ರಿ ಎಣ್ಣೆ ಐತಾ?" ಎಂದಳು. ಇತ್ತು. ಅರಸೀಕೆರೆಯಲ್ಲಿರುವ ನಂದಿತಾಳ ತವರಿನಿಂದ ಗಾಣದ ಎಣ್ಣೆ ಪ್ರತಿ ಸಲ ಡಬ್ಬಿಗಟ್ಟಲೆ ಬರುತ್ತಿತ್ತು. ಹಳೇ ಕಾಲದ್ದು ಎಂದು ಅದು ಅಟ್ಟದ ಮೇಲಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವ ಜನ ಮಾದಿಹಳ್ಳಿಯಲ್ಲೂ ಇದ್ದಾರೆ.

ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಗಂಟಿನೊಳಕ್ಕೆ ಇಳಿಸಿ, ಅರ್ಧ ಗಂಟೆ ನೆನೆಯಲು ಬಿಟ್ಟು, ಗೋಣಿ ಹೊಲಿಯುವ ದಬ್ಬಳದ ತುದಿಯಿಂದ ಒಂದೊಂದೇ ಎಳೆ ಬಿಡಿಸತೊಡಗಿದಳು. ತುದಿಯಿಂದ ಮೇಲಕ್ಕೆ, ಎಳೆಯದೆ, ಅವಸರವಿಲ್ಲದೆ. ಬಿಡಿಸಿದ ಎಳೆಗಳನ್ನು ಹಿಡಿದುಕೊಳ್ಳುವ ಕೆಲಸ ಚಿತ್ರಾಳದು. ಮಧ್ಯಾಹ್ನದ ಊಟ ಯಾರಿಗೂ ನೆನಪಾಗಲಿಲ್ಲ. ಮಗು ಎದ್ದು, ಹಾಲು ಕುಡಿದು, ಮತ್ತೆ ಮಲಗಿತು. ಗಿರಿಯಮ್ಮ ಎದುರಿನ ಗೋಡೆಗೆ ಒರಗಿ ಕೂತು, ಕಣ್ಣು ಕೀಳದೆ ಆ ಬೆರಳುಗಳನ್ನೇ ನೋಡುತ್ತಿದ್ದಳು.

"ತಪ್ಪು ನನ್ನದು ಕಣೇ" ಎಂದಳು ಚಿತ್ರಾ. "ಅವ್ವ ಹೇಳೋಕೆ ಬಂದಿದ್ದನ್ನ ನಾನೇ ಕೇಳಿಸ್ಕೊಳ್ಳಲಿಲ್ಲ. ನಿನಗೆ ಬಾಟ್ಲಿ ಕೆಳಗಿಟ್ಟು ಕೊಟ್ಟಳು ಅಂತ ಕೋಪ ಬಂತು."

"ಎಣ್ಣೆ ಅಲ್ವಾ, ಕೆಳಗೇ ಇಡೋದು. ನಮ್ಮಮ್ಮನೂ ಹಂಗೇ ಇಡೋದು" ಎಂದಳು ನಂದಿತಾ ಆಶ್ಚರ್ಯದಿಂದ. "ಅದಕ್ಯಾಕೆ ನಿನಗೆ ಕೋಪ?"

ಚಿತ್ರಾಳ ನೋಟ ಜಗಲಿಯ ಅಂಚಿನ ಕಡೆಗೆ ಹೋದದ್ದನ್ನು ಗಿರಿಯಮ್ಮ ನೋಡಿದಳು. ನೋಡಿ ತಲೆ ತಗ್ಗಿಸಿದಳು. ಮುದುಕಿಗೆ ಎಲ್ಲ ನೆನಪಿತ್ತು.

ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಕೊನೆಯ ಗಂಟು ಬಿಟ್ಟಿತು. ತುದಿಯಲ್ಲಿ ಒಂದು ಗೇಣಿನಷ್ಟನ್ನು ಕತ್ತರಿಸಬೇಕಾಯಿತು, ಅದು ಯಾವ ಉಪಾಯಕ್ಕೂ ಜಗ್ಗಿರಲಿಲ್ಲ. ಉಳಿದದ್ದು ಬೆನ್ನ ಮೇಲೆ ಹರಡಿ ಬಿತ್ತು. ನಂದಿತಾ ಅದನ್ನು ಮುಂದೆ ಎಳೆದುಕೊಂಡು ಮುಟ್ಟಿ ಮುಟ್ಟಿ ನೋಡಿ, ನಗುತ್ತ ಅಳುತ್ತ ಚಿತ್ರಾಳ ಕುತ್ತಿಗೆಗೆ ಜೋತುಬಿದ್ದಳು. ಇಬ್ಬರ ಮೈಯೂ ಎಣ್ಣೆಯಾಯಿತು. "ಸೀಗೆಕಾಯಿ ಹಾಕಿ ತೊಳ್ಕೊ. ಶಾಂಪೂ ಗೀಂಪೂ ಮುಟ್ಟಿದ್ರೆ ನೋಡು!" ಎಂದು ಮುನಿಯಮ್ಮ ಗದರಿಸಿ, ಸೊಂಟ ಹಿಡಿದುಕೊಂಡು ಮೇಲೇಳಲು ನೋಡಿದಳು.

"ಮುನಿಯಮ್ಮ" ಎಂದಳು ಗಿರಿಯಮ್ಮ. "ಒಸಿ ಕೂತ್ಕೊ."

ಕೋಲು ಪಕ್ಕಕ್ಕಿಟ್ಟು, ಅಂಡೂರಿಕೊಂಡೇ ಸರಿದು ಬಂದು, ಮುನಿಯಮ್ಮನ ಮುಂದೆ ಬೆನ್ನು ಮಾಡಿ ಕೂತಳು. ತುರುಬು ಬಿಚ್ಚಿದಳು. ಬಿಳಿ ಕೂದಲು ಒಂದು ಬೆರಳಿನಷ್ಟೂ ದಪ್ಪವಿರಲಿಲ್ಲ, ನೆತ್ತಿ ಒಣಗಿ ಹೊಟ್ಟು ಎದ್ದಿತ್ತು. "ನಮ್ಮವ್ವ ಹೋದ್ ಮ್ಯಾಲೆ ನನ್ ತಲೆ ಮುಟ್ಟಿ ಯಾರೂ ಎಣ್ಣೆ ತಟ್ಟಿಲ್ಲ ಕಣವ್ವ. ಸೊಸೇನ ಕೇಳಕೆ ಸಂಕೋಚ. ಇವತ್ತೆಲ್ಲಾ ನಿನ್ ಕೈ ನೋಡಿ ನೋಡಿ... ನಂಗೂ ಒಸಿ ತಟ್ಟು."

ಅವ್ವ ಬೇಡವೆಂದು ಎದ್ದು ನಡೆಯಲಿ ಎಂದು ಚಿತ್ರಾಳ ಮನಸ್ಸಿನ ಒಂದು ಮೂಲೆ ಬಯಸಿತು. ಇನ್ನೊಂದು ಮೂಲೆ, ಅವ್ವ ಎಲ್ಲಿ ಕೈ ಮುಗಿದುಬಿಡುತ್ತಾಳೋ ಎಂದು ಹೆದರಿತು. ಮುನಿಯಮ್ಮ ಎರಡನ್ನೂ ಮಾಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗೈಗೆ ಎಣ್ಣೆ ಬಗ್ಗಿಸಿಕೊಂಡು, ಯಾರಿಗೆ ತಟ್ಟುವಾಗಲೂ ಹೇಳುವ ಮಾತನ್ನೇ ಹೇಳಿದಳು.

"ತಲೆ ಬಗ್ಗಿಸು."

ಗಿರಿಯಮ್ಮ ಬಗ್ಗಿಸಿದಳು.

"ಇನ್ನೂ ಒಸಿ" ಎಂದಳು ಮುನಿಯಮ್ಮ.