ದುರ್ಗಮ್ಮನ ಮುಂದಿಟ್ಟ ಅಕ್ಕಿ

ಎರಡನೇ ಮಹಾಯುದ್ಧ ಶುರುವಾದ ವರ್ಷ, ಜಗಳೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ದುರ್ಗಮ್ಮನ ಬೆಳ್ಳಿ ಕಣ್ಣುಗಳು ಕಾಣೆಯಾದವು. ಗುಡಿಯೊಳಗೆ ಕಾಲಿಡುವವರು ಮೂರೇ ಜನ: ಪೂಜಾರಿ ಓಬಣ್ಣ, ಕಸ ಗುಡಿಸುವ ಉಚ್ಚಂಗೆಮ್ಮ, ನೀರು ಹೊತ್ತು ತರುವ ಅವಳ ಗಂಡ ಗಾದ್ರಪ್ಪ. ಪೊಲೀಸರ ಮಾತನ್ನು ಯಾರೂ ಎತ್ತಲಿಲ್ಲ. ದೇವಿಯ ಮನೆಯ ಕಳ್ಳತನಕ್ಕೆ ದೇವಿಯೇ ಸಾಕ್ಷಿ ಹೇಳಬೇಕು, ಅದು ಆ ಊರಿನ ಪದ್ಧತಿ. ದೇವಿಯ ಮುಂದಿಟ್ಟ ಅಕ್ಕಿಯನ್ನು ಒಬ್ಬೊಬ್ಬರೂ ಬಾಯಿಗೆ ಹಾಕಿಕೊಂಡು ಜಗಿದು ಮುತ್ತುಗದ ಎಲೆಯ ಮೇಲೆ ಉಗುಳಬೇಕು. ಸತ್ಯವಂತರದು ಒದ್ದೆ ಹಿಟ್ಟಾಗಿ ಬೀಳುತ್ತದೆ, ಕಳ್ಳರದು ಒಣಗಿಯೇ ಉಳಿಯುತ್ತದೆ.

ಓಬಣ್ಣನದು ಒದ್ದೆಯಾಗಿತ್ತು. ಗಾದ್ರಪ್ಪನದು ಹಾಲಿನ ಹಾಗೆ ಬೆಳ್ಳಗೆ ಬಿತ್ತು, ಹಿರಿಯರು ಮೆಚ್ಚಿ ತಲೆಯಾಡಿಸಿದರು. ಉಚ್ಚಂಗೆಮ್ಮ ಊರಿನ ಕಣ್ಣೆಲ್ಲ ತನ್ನ ದವಡೆಯ ಮೇಲಿರುವಾಗ ಜಗಿದೇ ಜಗಿದಳು. ನಾಲಗೆ ಅಂಗುಳಕ್ಕೆ ಅಂಟಿತು. ಎಲೆಯ ಮೇಲೆ ಬಿದ್ದದ್ದು ಒಣ ನುಚ್ಚು.

ಅವಳನ್ನು ಊರು ಬಿಡಿಸಬೇಕೆಂದು ಕೆಲವರು ಹಟ ಹಿಡಿದರು. ಗಾದ್ರಪ್ಪನೇ ಕೈಮುಗಿದು ಬೇಡಿಕೊಂಡಿದ್ದರಿಂದ ಸಣ್ಣ ದಂಡನೆಗೇ ಬಿಟ್ಟರು. ಅವಳು ಗುಡಿಯ ಮೆಟ್ಟಿಲು ತುಳಿಯಬಾರದು, ಎಲ್ಲರೂ ನೀರು ಸೇದಿದ ಮೇಲೆ ಬಾವಿಗೆ ಬರಬೇಕು. ಇಂಥ ಗಂಡನನ್ನು ಪಡೆಯಲು ಪುಣ್ಯ ಮಾಡಿದ್ದಾಳೆ ಎಂದು ಹೆಂಗಸರು ಆಡಿಕೊಂಡರು.

ಊರು ಏನೇ ಅಂದರೂ ತಾನು ಕದ್ದಿಲ್ಲವೆಂದು ಅವಳಿಗೆ ಗೊತ್ತಿತ್ತಲ್ಲ ಎಂದು ನೀವು ಕೇಳಬಹುದು. ಎಡವಟ್ಟಾದದ್ದೇ ಅಲ್ಲಿ. ದುರ್ಗಮ್ಮ ಸುಳ್ಳು ಹೇಳುವವಳಲ್ಲ ಎಂದು ಊರಿಗಿಂತ ಹೆಚ್ಚಾಗಿ ನಂಬಿದವಳು ಅವಳು. ಹಾಗಾದರೆ ಕದ್ದವರು ಯಾರು? ತನ್ನೊಳಗೇ ಇನ್ನೊಬ್ಬಳಿದ್ದಾಳೆ, ತನಗೆ ತಿಳಿಯದ ಹಾಗೆ ಎದ್ದು ಓಡಾಡುತ್ತಾಳೆ ಎಂದು ಅವಳಿಗೆ ಅನ್ನಿಸತೊಡಗಿತು. ಬೆಳ್ಳಿ ಕಣ್ಣುಗಳನ್ನು ತಾನೇ ಎಲ್ಲಾದರೂ ಬಚ್ಚಿಟ್ಟಿರಬಹುದೆಂದು ಒಲೆಯ ಬೂದಿ ಕೆದಕಿದಳು, ಜೋಳದ ಗಡಿಗೆ ಬರಿದು ಮಾಡಿದಳು, ಕೌದಿಯ ಹೊಲಿಗೆ ಬಿಚ್ಚಿದಳು. ಮಲಗುವಾಗ ಸೆರಗನ್ನು ಕಂಬಕ್ಕೆ ಗಂಟು ಹಾಕಿಕೊಂಡಳು. ರೊಟ್ಟಿ ಬಡಿಯುತ್ತಿದ್ದ ಕೈಗಳು ಒಮ್ಮೊಮ್ಮೆ ಯಾರದ್ದೋ ಅನ್ನಿಸಿ ಭಯವಾಗುತ್ತಿತ್ತು.

ಅನ್ನ ಗಂಟಲಲ್ಲಿ ಇಳಿಯದಂತಾದಾಗ ಜಗಳೂರಿನ ದವಾಖಾನೆಗೆ ನಡೆದಳು. ಡಾಕ್ಟರು ಮಹೇಶ್ವರಪ್ಪ ಮುಂಗೋಪದ ಮನುಷ್ಯ, ಆದರೆ ಪೂರ್ತಿ ಕೇಳಿಸಿಕೊಂಡರು. ಒಳಗೊಬ್ಬಳು ಇರುವುದು ನಿಜವೇ ಎಂದು ಅವಳು ಕೇಳಿದಳು. ಯಾರೂ ಇಲ್ಲ, ಇರುವುದು ನರಗಳು ಎಂದು ಅವರು ಬಿಡಿಸಿ ಹೇಳಿದರು. ಎದೆ ಬಡಿಯುವುದು, ಅನ್ನ ಅರಗುವುದು, ಬೆವರು, ಜೊಲ್ಲು, ಇದ್ಯಾವುದೂ ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ನಾವು ನಿದ್ದೆ ಹೋದರೂ ಆ ನರಗಳು ಎದ್ದೇ ಇರುತ್ತವೆ. ನೆಮ್ಮದಿಯಿದ್ದಾಗ ಒಂದು ಕಡೆಯ ನರಗಳು ಬಾಯಲ್ಲಿ ನೀರೂರಿಸಿ ಅನ್ನ ಅರಗಿಸುತ್ತವೆ. ಹೆದರಿದಾಗ ಇನ್ನೊಂದು ಕಡೆಯವು ಎದೆಯನ್ನು ಜೋರಾಗಿ ಬಡಿಸಿ, ರಕ್ತವನ್ನು ಕೈಕಾಲಿಗೆ ಓಡಿಸುತ್ತವೆ. ಚಿರತೆ ಮುಂದೆ ನಿಂತಾಗ ಓಡುವುದಷ್ಟೇ ಕೆಲಸ, ಉಣ್ಣುವ ಬಾಯಿಗೆ ಆಗ ನೀರು ಯಾಕೆ?

"ನಿನ್ನ ಬಾಯಿ ಒಣಗಿದ್ದು ಹೆದರಿಕೆಗಮ್ಮ. ಕಳ್ಳತನಕ್ಕಲ್ಲ."

ಅವಳು ಅಲ್ಲೇ ಕುಸಿದು ಕೂತು ಅತ್ತಳು. ತಾನು ತಾನೇ, ಒಳಗೆ ಬೇರೆ ಯಾರೂ ಇಲ್ಲ. ಅಷ್ಟು ಹಗುರಾಗಿ ಅವಳು ಎಷ್ಟೋ ದಿನದಿಂದ ಉಸಿರಾಡಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಇನ್ನೊಂದು ಮಾತು ಕೇಳಿದಳು.

"ಹೆದರಿಕೇನೇ ಇಲ್ಲದ ಕಳ್ಳ ಆದ್ರೆ ಸ್ವಾಮಿ?"

ಅಂಥವನ ಬಾಯಿ ಎಲ್ಲರಿಗಿಂತ ಚೆನ್ನಾಗಿ ಒದ್ದೆಯಾಗಿರುತ್ತದೆ ಎಂದು ಡಾಕ್ಟರು ನಕ್ಕರು.

ಅವಳು ನಗಲಿಲ್ಲ. ಮನೆಗೆ ಬಂದಾಗ ಗಾದ್ರಪ್ಪ ಹಸಿದು ಕೂತಿದ್ದ. ರೊಟ್ಟಿ, ಸಾರು ಬಡಿಸಿದಳು. ಅವನು ತುತ್ತನ್ನು ಜಗಿಯುವುದನ್ನೇ ನೋಡುತ್ತಾ ಕೇಳಿದಳು: "ಅಮ್ಮನ ಕಣ್ಣು ಏನು ಮಾಡಿದ್ರಿ?"

ಅವನ ದವಡೆ ನಿಲ್ಲಲಿಲ್ಲ. ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿ, ನೀರು ಕುಡಿದ.

"ಕರಗಿಸಿ ಆಗೈತೆ. ಬೇಕಾದ್ರೆ ಹೋಗಿ ಹೇಳು. ಯಾರ ಅಕ್ಕಿ ಒಣಗಿತ್ತು ಅಂತ ಊರಿಗೆಲ್ಲ ಗೊತ್ತೈತಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ಇಷ್ಟು ದಿನ ಕಂಬಕ್ಕೆ ಕಟ್ಟಿಕೊಂಡು ಕಾದದ್ದು ತನ್ನನ್ನು. ಕಾಯಬೇಕಾಗಿದ್ದವನು ಪಕ್ಕದಲ್ಲೇ ಸುಖವಾಗಿ ಗೊರಕೆ ಹೊಡೆಯುತ್ತಿದ್ದ. ಎದೆ ಡವಗುಟ್ಟುತ್ತಿತ್ತು, ಅಂಗೈ ಬೆವೆತಿತ್ತು, ಕಾಲುಗಳು ಓಡು ಓಡು ಎನ್ನುತ್ತಿದ್ದವು.

ಗಾದ್ರಪ್ಪ ತಟ್ಟೆಯನ್ನು ಮುಂದಕ್ಕೆ ಸರಿಸಿ ಇನ್ನೊಂದು ರೊಟ್ಟಿ ಕೇಳಿದ. ಅವಳು ಹಾಕಿದಳು.