ಕೋಳಿಗೂ ಬೇಕು ಒಣ ಹಾಸಿಗೆ

ಇನೋಬತ್ ಅವರ ಅಂಗಳದಲ್ಲಿ ಬಿದ್ದ ಪಲಾವಿನ ಅಗುಳನ್ನು ಎತ್ತಿ ಬಾಯಿಗೆ ಹಾಕಿಕೊಳ್ಳಬಹುದು ಎಂದು ಕಣಿವೆಯ ತೆರಕ್ಲಿ ಊರಿನ ಹೆಂಗಸರು ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಇನೋಬತ್ ಏನೂ ಕೇಳಿಸದವರಂತೆ ತಲೆವಸ್ತ್ರ ಸರಿಮಾಡಿಕೊಳ್ಳುತ್ತಿದ್ದರು. ಬೆಳಕು ಹರಿಯುವ ಮೊದಲು ನೀರು ಚಿಮುಕಿಸಿ ಅಂಗಳ ಗುಡಿಸುವುದು ಅವರು ಅತ್ತೆಯಿಂದ ಕಲಿತ ಮೊದಲ ಪಾಠ. ಸೊಸೆ ಹೊಸಿಯತ್‌ಗೆ ಕಲಿಸಿದ ಮೊದಲ ಪಾಠವೂ ಅದೇ.

ಆ ಬೇಸಿಗೆಯಲ್ಲಿ ಮಗ ಕೋಳಿಗೂಡಿಗೆ ಕಾಂಕ್ರೀಟ್ ನೆಲ ಹಾಕಿಸಿದ. ಹಿಂದಿನ ವರ್ಷ ಹೆಗ್ಗಣಗಳು ಮಣ್ಣು ಕೊರೆದು ಬಂದು ಮರಿಗಳನ್ನು ಎಳೆದೊಯ್ದಿದ್ದವು, ಈಗ ಅವುಗಳ ಹಲ್ಲಿಗೆ ಕೆಲಸವಿಲ್ಲದಂತಾಯಿತು. “ನಮ್ಮ ಕೋಳಿಗಳೂ ಮನುಷ್ಯರ ಹಾಗೆ ಕಾಂಕ್ರೀಟ್ ನೆಲದ ಮೇಲೆ ಬದುಕ್ತವೆ” ಎಂದು ಇನೋಬತ್ ಊರಿಗೆಲ್ಲ ಸಾರಿದರು. ಅಂಗಳದಂತೆ ಗೂಡನ್ನೂ ದಿನಾ ತೊಳೆಸಿದರು.

ನವೆಂಬರ್ ಬಂತು. ಹನ್ನೆರಡು ಹೇಟೆಗಳಲ್ಲಿ ನಾಲ್ಕು ಕುಂಟತೊಡಗಿದವು. ಮುದ್ದಿನ ಚುಕ್ಕಿ ಕೋಳಿಯ ಅಂಗಾಲು ಊದಿ, ಅದು ಒಂಟಿಕಾಲಲ್ಲಿ ನಿಂತಿತ್ತು. ಡಿಸೆಂಬರ್ ಕೊನೆಗೆ ಊರ ಹೆಂಗಸರ ಚಹಾಕೂಟ ಇವರ ಮನೆಯಲ್ಲೇ ನಡೆಯಬೇಕಿತ್ತು. ಇನೋಬತ್ ಅಷ್ಟು ಹೊಗಳಿಕೊಂಡ ಗೂಡನ್ನು ನೋಡದೆ ಹೋಗುವ ಪೈಕಿಯವರಲ್ಲ ಅವರು. ಕುಂಟುವ ಕೋಳಿಗಳನ್ನು ಕಂಡರೆ ಮುಗಿಯಿತು, ವರ್ಷವಿಡೀ ಆಡಿಕೊಳ್ಳುತ್ತಾರೆ.

“ನೀನು ಸರಿಯಾಗಿ ಉಜ್ಜಿಲ್ಲ ಕಣೇ, ಅದಕ್ಕೇ ರೋಗ ಬಂದಿದೆ” ಎಂದು ಸೊಸೆಯನ್ನು ಗದರಿದರು. “ಇನ್ನೂ ಎರಡು ಬಕೆಟ್ ಹುಯ್ಯಿ.”

ಹೊಸಿಯತ್ ಎದುರಾಡದೆ ಹುಯ್ದಳು. ಮೂರು ದಿನಕ್ಕೆ ಐದನೆಯ ಕೋಳಿಯೂ ಕುಂಟಿತು. ಆಗ ಅವಳು ಅತ್ತೆಗೆ ಹೇಳದೆ ಪಶುವೈದ್ಯೆ ಮಸ್ತುರಾಗೆ ಫೋನ್ ಮಾಡಿದಳು.

ಮಸ್ತುರಾ ಬಂದವಳೇ ಗೂಡಿನೊಳಗೆ ಹೊಕ್ಕು ಚುಕ್ಕಿ ಕೋಳಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಂಗಾಲಿನ ಹುಣ್ಣು ನೋಡಿದಳು, ಔಷಧಿ ಹಚ್ಚಿದಳು. ಆಮೇಲೆ ಬಾಗಿಲಿಗೆ ಬಂದು ನಿಂತಿದ್ದ ಅತ್ತೆಯತ್ತ ತಲೆಯೆತ್ತಿ, “ಇನೋಬತ್ ಅಕ್ಕ, ಕಾಲಿನ ರಬ್ಬರ್ ಜೋಡು ಬಿಚ್ಚಿ. ಕಾಲುಚೀಲಾನೂ” ಎಂದಳು.

“ಯಾಕಮ್ಮ, ನನಗೂ ಔಷಧಿ ಹಚ್ತೀಯಾ?”

“ಒಳಗೆ ಇಟ್ಟ ಚಹಾ ಕುದಿಯೋವರೆಗೆ ಈ ನೆಲದ ಮೇಲೆ ನಿಂತ್ಕೊಳ್ಳಿ.”

ಸೋಲುವ ಹೆಂಗಸಲ್ಲ ಇನೋಬತ್. ನಿಂತರು. ಚಹಾ ಕುದಿಯುವಷ್ಟರಲ್ಲಿ ಬೆರಳುಗಳು ಮರಗಟ್ಟಿದ್ದವು.

“ಸಾಕಾ ಅಕ್ಕ?”

“ಇನ್ನೂ ನಿಲ್ತೀನಿ.”

“ನೀವು ನಿಲ್ತೀರ. ಆಮೇಲೆ ಒಳಗೆ ಹೋಗಿ ಕಾಲು ಬಿಸಿ ಮಾಡ್ಕೊಳ್ತೀರ. ಇವುಗಳಿಗೆ ಚಳಿಗಾಲವಿಡೀ ಇದೇ ನೆಲ. ಕಾಂಕ್ರೀಟ್ ಒಳ್ಳೇದೇ, ಹೆಗ್ಗಣ ಬರಲ್ಲ. ಆದ್ರೆ ಬರೀ ಕಾಂಕ್ರೀಟ್ ಗಟ್ಟಿ, ತಣ್ಣಗೆ. ಮೇಲೆ ನೀವು ದಿನಾ ನೀರು ಬೇರೆ ಹಾಕ್ತೀರ. ನೀರು ನಿಲ್ಲಿಸಿ, ಹಾಸು ಹಾಕಿ.”

ಯಾವ ಹಾಸು ಎಂದು ಹೇಳುವಷ್ಟರಲ್ಲಿ ಯಾರದೋ ಹಸುವಿಗೆ ಹೆರಿಗೆ ಕಷ್ಟವಾಗಿದೆ ಎಂದು ಫೋನ್ ಬಂತು, ಮಸ್ತುರಾ ಓಡಿದಳು.

“ಹಾಸು ತಾನೇ? ಅತಿಥಿಗೆ ಒಂದರ ಮೇಲೊಂದು ಮೂರು ಹಾಸಿಗೆ ಹಾಸೋ ಮನೆ ಇದು!” ಎಂದು ಇನೋಬತ್ ಹಾಸಿಗೆ ಪೇರಿಸಿಡುವ ಗೋಡೆಗೂಡಿನಿಂದ ಎರಡು ಹಳೆಯ ಹತ್ತಿ ಹಾಸಿಗೆ ಎಳೆದು ಗೂಡಿಗೆ ಹಾಸಿದರು. ಇಡೀ ಕಣಿವೆಯಲ್ಲಿ ಹತ್ತಿ ಹಾಸಿಗೆಯ ಮೇಲೆ ಮೆರೆದ ಕೋಳಿಗಳು ಅವೇ ಇರಬೇಕು.

ಒಂದು ವಾರಕ್ಕೆ ಹಾಸಿಗೆ ನೆನೆದು ಮುದ್ದೆಯಾಯಿತು. ಬಾಗಿಲು ತೆರೆದರೆ ಕಣ್ಣು ಉರಿಯುವಷ್ಟು ನಾತ. ಈ ಸಲ ಇನೋಬತ್ ತಾವೇ ಫೋನ್ ಮಾಡಿದರು.

“ಅಯ್ಯೋ ಅಕ್ಕ! ಹತ್ತಿ ಒದ್ದೇನ ಹಿಡ್ಕೊಂಡು ಕೂರುತ್ತೆ, ಬಿಡೋದೇ ಇಲ್ಲ” ಎಂದು ಗೂಡಿನ ಬಾಗಿಲಿಗೆ ಬಂದ ಮಸ್ತುರಾ ಮೂಗು ಮುಚ್ಚಿಕೊಂಡಳು.

“ಮತ್ತೇನು ಹಾಸ್ಲಿ, ರೇಷ್ಮೆ ಹಾಸ್ಲಾ?”

ಮನೆಯ ತೆರೆದ ಬಾಗಿಲೊಳಗೆ ಹೊಸಿಯತ್ ತನ್ನ ಕೂಸನ್ನು ತೊಟ್ಟಿಲಲ್ಲಿ ತೂಗುತ್ತಿದ್ದಳು. ಮಸ್ತುರಾ ಅತ್ತ ಕೈ ತೋರಿಸಿದಳು. “ಮೊಮ್ಮಗನ ತೊಟ್ಟಿಲ ತಳಕ್ಕೆ ತೂತು ಯಾಕಿದೆ?”

“ಇದೂ ಒಂದು ಪ್ರಶ್ನೆಯಾ? ಉಚ್ಚೆ ಕೆಳಗಿನ ಕುಡಿಕೆಗೆ ಇಳಿದು ಮಗು ಒಣಗಿರ್ಲಿ ಅಂತ.”

“ನೋಡಿ, ಮೆತ್ತಗಿದ್ರೆ ಸಾಲದು, ಒಣಗಿರ್ಬೇಕು ಅಂತ ನಿಮಗೇ ಗೊತ್ತು.”

“ಹಾಗಂತ ಮಗ ಹಾಕಿಸಿದ ನೆಲಕ್ಕೆ ತೂತು ಕೊರೀಲಾ?”

ಮಸ್ತುರಾ ಬಿದ್ದು ಬಿದ್ದು ನಕ್ಕಳು. “ಬೇಡ. ತೊಟ್ಟಿಲು ಮಾಡೋ ತೊಲಿಬ್ ಉಸ್ತಾದರ ಬಾಗಿಲಲ್ಲಿ ಮರ ಹೆರೆದ ಸಿಪ್ಪೆ ರಾಶಿ ಬಿದ್ದಿರುತ್ತಲ್ಲ, ಅದನ್ನ ತನ್ನಿ. ಬಣ್ಣ ಹಚ್ಚಿದ ಮರದ್ದು ಬೇಡ. ಗರಗಸದ ಪುಡೀನೂ ಬೇಡ, ಧೂಳು ಏಳುತ್ತೆ. ನೆಲ ಪೂರ್ತಿ ಒಣಗಿದ ಮೇಲೆ ಅರ್ಧ ಗೇಣು ಹರಡಿ. ನೀರಿನ ಪಾತ್ರೆ ಇಟ್ಟಿಗೆ ಮೇಲಿಡಿ. ಒದ್ದೆ ಆದಷ್ಟನ್ನ ತೆಗೆದು ಹೊಸದು ಹಾಕಿ. ಮಿಕ್ಕಿದ್ದನ್ನ ಗುಡಿಸ್ಬೇಡಿ, ಕೆದಕಿ. ಚಳಿ ಅಂತ ಮೇಲಿನ ಗಾಳಿಕಿಂಡಿ ಮುಚ್ಚಬೇಡಿ.”

“ಗುಡಿಸಬಾರ್ದಾ? ಕಸಾನ ಅಲ್ಲೇ ಬಿಟ್ಕೊಂಡ್ರೆ ಊರು ಏನನ್ನುತ್ತೆ?”

“ಊರಿನ ಕಾಲು ಊದಿಲ್ಲ ಅಕ್ಕ, ಚುಕ್ಕಿ ಕಾಲು ಊದಿದೆ. ಒಂದು ಹಿಡಿ ಹಿಂಡಿ ನೋಡಿ. ಸಿಪ್ಪೆ ಉಂಡೆ ಕಟ್ಟಿದ್ರೆ ಒದ್ದೆ. ಉದುರಿದ್ರೆ ಸರಿಯಾಗಿದೆ.”

ಸಿಪ್ಪೆ ಬಂತು, ಹರಡಿದ್ದೂ ಆಯಿತು. ಆದರೆ ಮೂವತ್ತು ವರ್ಷದ ರೂಢಿ ಒಂದು ದಿನಕ್ಕೆ ಬಿಡುತ್ತದೆಯೇ? ಮರುದಿನ ಬೆಳಿಗ್ಗೆ ಇನೋಬತ್ ಬಕೆಟ್ ಹಿಡಿದು ಗೂಡಿನತ್ತ ನಡೆದೇಬಿಟ್ಟರು. ಬಾಗಿಲಲ್ಲಿ ಹೊಸಿಯತ್ ಅಡ್ಡ ನಿಂತಿದ್ದಳು.

“ಬೇಡ ಅತ್ತೆ.”

ಮದುವೆಯಾಗಿ ಬಂದಂದಿನಿಂದ ಅವಳು ಆ ಮನೆಯಲ್ಲಿ ಬೇಡ ಎಂದದ್ದು ಅದೇ ಮೊದಲು. ಇನೋಬತ್ ಸೊಸೆಯ ಮುಖವನ್ನೇ ನೋಡಿದರು. ಬಕೆಟ್ ಕೆಳಗಿಟ್ಟರು.

ಚಹಾಕೂಟದ ದಿನ ಹೆಂಗಸರು ನೆಟ್ಟಗೆ ಗೂಡಿಗೇ ಬಂದರು. ನೆರೆಮನೆಯ ಝುಲ್ಖುಮೋರ್ ಇಣುಕಿ ನೋಡಿ ರಾಗ ಎಳೆದಳು. “ಇದೇನು ಇನೋಬತ್, ಗುಡಿಸಿಲ್ವಾ? ಸೊಸೆ ತವರಿಗೆ ಹೋಗಿದ್ದಾಳಾ?”

ಇನೋಬತ್ ಹಬ್ಬಕ್ಕೆ ಮಾತ್ರ ತೊಡುವ ರೇಷ್ಮೆ ನಿಲುವಂಗಿಯಲ್ಲೇ ಸಿಪ್ಪೆಯ ಮೇಲೆ ಮಂಡಿಯೂರಿದರು. ಒಂದು ಹಿಡಿ ಹಿಂಡಿ ಅಂಗೈ ಬಿಚ್ಚಿದರು. ಸಿಪ್ಪೆ ಉದುರಿ ರೇಷ್ಮೆಯ ಮೇಲೆ ಬಿತ್ತು.

“ಮೂಗು ಇಲ್ಲಿಗೆ ತನ್ನಿ. ನಿಮ್ಮ ಎತ್ತರದಲ್ಲಲ್ಲ, ಕೋಳಿ ಎತ್ತರದಲ್ಲಿ ಮೂಸಿ.”

ಒಬ್ಬೊಬ್ಬರಾಗಿ ಬಗ್ಗಿದರು. ಮರದ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಚುಕ್ಕಿ ಕೋಳಿ ಎರಡೂ ಕಾಲಲ್ಲಿ ಸಿಪ್ಪೆ ಕೆದಕುತ್ತ ಝುಲ್ಖುಮೋರಳ ಮೂಗಿನ ಮುಂದೆಯೇ ಹಾದುಹೋಯಿತು.

“ತೊಳೆಯೋದೇ ಚೊಕ್ಕಟ ಅಂತ ಇವಳಿಗೆ ಕಲಿಸಿದ್ದು ನಾನು” ಎಂದರು ಇನೋಬತ್, ಸೊಸೆಯ ಕೈಹಿಡಿದು ಏಳುತ್ತ. “ಎಲ್ಲಿ ನಿಲ್ಲಿಸ್ಬೇಕು ಅಂತ ನನಗೆ ಕಲಿಸಿದ್ದು ಇವಳು. ಇಂಥ ಸೊಸೆ ನಿಮ್ಮಲ್ಲಿ ಯಾರ ಮನೇಲಾದ್ರೂ ಇದ್ದಾಳಾ, ಹೇಳಿ!”

ಹೊಸಿಯತ್ ನಾಚಿ ತಲೆ ತಗ್ಗಿಸಿದಳು. ಆ ಸಂಜೆ ತೊಲಿಬ್ ಉಸ್ತಾದರ ಬಾಗಿಲಲ್ಲಿ ಒಂದು ಹಿಡಿ ಸಿಪ್ಪೆಯೂ ಉಳಿಯಲಿಲ್ಲ. ಮೊದಲ ಚೀಲ ಝುಲ್ಖುಮೋರಳದೇ.

ತಾಯಂದಿರೇ, ಅಕ್ಕತಂಗಿಯರೇ, ನಿಮ್ಮ ಕೋಳಿಗೂಡಿಗೂ ಕಾಂಕ್ರೀಟ್ ನೆಲವಿದ್ದರೆ ಅದು ಹೆಮ್ಮೆಯ ಮಾತೇ. ಆದರೆ ಅದನ್ನು ಬರಿದಾಗಿ ಬಿಡಬೇಡಿ, ಬಟ್ಟೆ ಹಾಸಬೇಡಿ. ಮರದ ಸಿಪ್ಪೆ ಸಿಗದಿದ್ದರೆ ಒಣಗಿದ ಭತ್ತದ ಹೊಟ್ಟು ಹರಡಿ. ನಾಳೆ ಬೆಳಿಗ್ಗೆ ಬಕೆಟ್ಟಿಗೆ ಕೈಹಾಕುವ ಮೊದಲು ಒಮ್ಮೆ ಮಂಡಿಯೂರಿ ಮೂಸಿ ನೋಡಿ, ಒಂದು ಹಿಡಿ ಹಿಂಡಿ ನೋಡಿ. ನಿಮ್ಮ ಕೂಸು ಒಣಗಿ ಮಲಗಲಿ ಎನ್ನುವ ನಿಮಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.